ಎದ್ದು ಹೊರಟವರ ಹಿಮ್ಮಡಿ

ನಮ್ಮ ನಾಯಿ ಕಚ್ಚಲು ಶುರು ಮಾಡಿದ್ದು ಅಪ್ಪ ಸತ್ತ ಮೇಲೆಯೋ, ಅದಕ್ಕೂ ಮೊದಲೋ, ನನಗೆ ಗೊತ್ತಿಲ್ಲ. ಗೊತ್ತು ಅಂತ ಬಹಳ ದಿನ ಅಂದುಕೊಂಡಿದ್ದೆ. ಅಪ್ಪನ ಕುರ್ಚಿಯ ಕೆಳಗೆ ಅದು ಸುಮ್ಮನೆ ಮಲಗಿದೆ, ಬಂದವರು ಎದ್ದು ಹೋಗುತ್ತಿದ್ದಾರೆ, ಅದು ಕಣ್ಣು ಕೂಡ ಬಿಡುತ್ತಿಲ್ಲ. ಈ ಚಿತ್ರ ನನ್ನ ತಲೆಯಲ್ಲಿ ಸ್ಪಷ್ಟವಾಗಿದೆ. ಆದರೆ ಆಗ ನಾನು ಇದ್ದದ್ದು ಹಾಸನದ ಬಾಡಿಗೆ ಮನೆಯಲ್ಲಿ. ಹೊಳೆನರಸೀಪುರದ ಈ ಮನೆಗೆ ಬರುತ್ತಿದ್ದದ್ದು ಯಾವುದಾದರೂ ಭಾನುವಾರ. ಚಿತ್ರ ನಾನು ಕಂಡದ್ದೋ, ಅಮ್ಮ ಹೇಳಿ ಹೇಳಿ ನನ್ನೊಳಗೆ ಕೂತದ್ದೋ? ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದವನು ನಾನು, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ನೆನಪು ನಂಬಿಕಸ್ಥ ಸಾಕ್ಷಿಯಲ್ಲ ಅಂತ ವರ್ಷಾ ವರ್ಷ ಮಕ್ಕಳಿಗೆ ಹೇಳುತ್ತೇನೆ. ಮನೆಯ ವಿಷಯಕ್ಕೆ ಬಂದಾಗ ಆ ಪಾಠ ನನಗೇ ಉಪಯೋಗಕ್ಕೆ ಬರಲಿಲ್ಲ.

ಅದು ಪಾಮೆರೇನಿಯನ್. ಮರಿಯಾಗಿದ್ದಾಗ ಅರಕಲಗೂಡಿನ ಪರಿಚಯದವರ ಮನೆಯಿಂದ ಅಪ್ಪ ತಂದದ್ದು. ಹೆಸರಿಡಲಿಲ್ಲ, 'ಲೇ' ಅಂದರೆ ಓಡಿ ಬರುತ್ತಿತ್ತು. ಬೀದಿಯಲ್ಲಿ ಯಾರಾದರೂ ಯಾರನ್ನಾದರೂ ಲೇ ಅಂದರೂ ಗೇಟಿಗೆ ಓಡುತ್ತಿತ್ತು. ಅಪ್ಪನ ಮಾತು ಬಿಟ್ಟರೆ ಇನ್ನೊಬ್ಬರ ಮಾತು ಕೇಳಿದ್ದು ಕಡಿಮೆ. ಕೂರು ಅಂದರೆ ನಿಲ್ಲುವುದು, ಬಾ ಅಂದರೆ ಮುಖ ತಿರುಗಿಸುವುದು.

ಅಪ್ಪ ಹೋದ ಮೇಲೆ ನಾವು ಹಾಸನದ ಮನೆ ಬಿಟ್ಟು ಅಮ್ಮನ ಜೊತೆ ಇರಲು ಬಂದೆವು. ಮನೆಗೆ ಬಂದವರನ್ನು ನಾಯಿ ಏನೂ ಮಾಡುತ್ತಿರಲಿಲ್ಲ. ಎರಡು ಸಲ ಬೊಗಳಿ ಒಳಗೆ ಬಿಡುತ್ತಿತ್ತು. ತೊಂದರೆ ಇದ್ದದ್ದು ಅವರು ಹೊರಡುವಾಗ. ಹೊರಟ ಹೆಂಗಸರಿಗೆ ಕುಂಕುಮ ಕೊಡಲು ನನ್ನ ಹೆಂಡತಿ ಭರಣಿ ತರುತ್ತಾಳೆ. ಮುಚ್ಚಳ ಟಿಕ್ ಅಂದರೆ ಸಾಕು, ಕುರ್ಚಿಯ ಕೆಳಗಿಂದ ಬಾಣದ ಹಾಗೆ ಬಂದು ಹಿಮ್ಮಡಿಗೆ ಬಾಯಿ ಹಾಕುತ್ತಿತ್ತು.

"ಅಯ್ಯೋ ನಿನ್ ಬಾಯಿಗ್ ಮಣ್ ಆಕ! ಕುಂಕುಮ ಕೊಡ್ತೀರೋ ಇಂಜೆಕ್ಸನ್ ಕೊಡ್ತೀರೋ?" ಅಂತ ಎದುರು ಮನೆಯಾಕೆ ಒಂದು ಕಾಲಲ್ಲಿ ಕುಣಿದದ್ದು ಇನ್ನೂ ಕಣ್ಣ ಮುಂದಿದೆ. ಅವತ್ತು ಎಲ್ಲರೂ ನಕ್ಕರು. ಆಕೆ ಮತ್ತೆ ಬರಲಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಬರುವುದನ್ನು ನಿಲ್ಲಿಸಿದರು. ಅಮ್ಮನಿಗೆ ಮಂಡಿ ನೋವು, ಬೀದಿ ದಾಟಲಾರಳು. ಮನೆಗೆ ಬರುವವರೇ ಅವಳ ಊರು. ಅವರೆಕಾಯಿ ಕಾಲದಲ್ಲಿ ಮಧ್ಯಾಹ್ನ ನಾಲ್ಕೈದು ಹೆಂಗಸರು ಅವಳ ಸುತ್ತ ಕೂತು, ನೆನೆಹಾಕಿದ ಕಾಳು ಹಿಸುಕುತ್ತಾ, ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಆ ವರ್ಷ ಪಾತ್ರೆ ಮುಂದಿಟ್ಟುಕೊಂಡು ಅಮ್ಮ ಒಬ್ಬಳೇ ಹಿಸುಕಿದಳು. ಒಂದು ಹಿಡಿ ಹಿಸುಕುವುದು, ಗೇಟಿನ ಕಡೆ ನೋಡುವುದು.

"ಅತ್ತೆಗೆ ಜನ ಬೇಕು ಕಣ್ರೀ, ಈ ನಾಯಲ್ಲ," ಅಂದಳು ಹೆಂಡತಿ. "ಹಳೇಕೋಟೆಗೆ ಕಳಿಸಿ. ನಿಮ್ಮ ಚಿಕ್ಕಪ್ಪನ ತೋಟದಲ್ಲಿ ಯಾರ ಕಾಲಾದ್ರೂ ಕಚ್ಕೊಂಡಿರ್ಲಿ."

ಅಮ್ಮ ಒಪ್ಪಲಿಲ್ಲ. "ಅದು ಸುಮ್ ಸುಮ್ಕೆ ಕಚ್ಚಾಕಿಲ್ಲ ಕಣೋ. ನಿಮ್ಮಪ್ಪನ್ನ ಎತ್ಕಂಡ್ ವೋದ್ರಲ್ಲ, ಅವತ್ತಿಂದ ಈ ಮನೆಯಿಂದ ಯಾರ್ ಎದ್ ವೋದ್ರೂ ಬುಡಾಕಿಲ್ಲ. ಅದ್ಕಿರೋ ಪ್ರೀತಿ ನಿಮ್ಗಿಲ್ಲ."

ಆ ಮಾತು ಬೀದಿಗೆಲ್ಲ ಹರಡಿತ್ತು. ಕಚ್ಚಿಸಿಕೊಂಡವರೇ ಕಣ್ಣೊರೆಸಿಕೊಂಡು ಅದನ್ನು ಇನ್ನೊಬ್ಬರಿಗೆ ಹೇಳುತ್ತಿದ್ದರು. ನನಗೆ ಮಾತ್ರ ಸಮಾಧಾನವಿಲ್ಲ. ಈ ಜಾತಿಯ ನಾಯಿಗಳಲ್ಲಿ ಓಡಾಡುವ ಕಾಲಿಗೆ ಬಾಯಿ ಹಾಕುವ ಚಾಳಿ ಇರುವುದು ಸಾಮಾನ್ಯ, ತಿದ್ದಬಹುದು ಅಂತ ಹಾಸನದ ಪಶುವೈದ್ಯರು ಹೇಳಿದ್ದರು. ಶಿವರಾತ್ರಿಯವರೆಗೆ ಟೈಮ್ ಕೊಡು, ತಿದ್ದದಿದ್ದರೆ ಹಳೇಕೋಟೆಗೆ ಅಂತ ಹೆಂಡತಿಯನ್ನು ಒಪ್ಪಿಸಿದೆ.

ಗಂಟೆ ಸದ್ದಿಗೆ ನಾಯಿ ಜೊಲ್ಲು ಸುರಿಸಿದ ಪ್ರಯೋಗ ನಾನು ಪಾಠ ಮಾಡಿ ಮಾಡಿ ಸವೆಸಿದ್ದು. ಭರಣಿಯ ಸದ್ದು ಕೇಳಿದರೆ ಕಾಲಿನ ಬದಲು ಮೂಲೆಯ ಚಾಪೆಯ ಕಡೆ ಓಡಬೇಕು, ಅಷ್ಟೇ. ಹೆಂಡತಿ ನೆಂಟರ ಹಾಗೆ ಕೂತು ಏಳುವಳು. ನಾನು ಮುಚ್ಚಳ ತೆರೆದು, ಕೊಬ್ಬರಿ ಚೂರನ್ನು ಚಾಪೆಗೆ ಎಸೆಯುವುದು. ಮೊದಲ ವಾರ ನಾಯಿ ಚಾಪೆಗೆ ಹೋಗಿ ಕೊಬ್ಬರಿ ತಿಂದು, ವಾಪಸು ಬಂದು ಕಚ್ಚಿತು.

"ಮೊದ್ಲು ಬರೀ ಕಚ್ತಿತ್ತು, ಈಗ ತಿಂಡಿ ತಿಂದು ಕಚ್ತದೆ. ಮೇಷ್ಟ್ರು ಚೆನ್ನಾಗಿ ಕಲಿಸಿದ್ದೀರಿ," ಅಂದಳು ಹೆಂಡತಿ.

ಆದರೂ ಬಿಡಲಿಲ್ಲ. ಕಾಲೇಜಿನಿಂದ ಬಸ್ಸಿಳಿದು ಬಂದವನೇ ಭರಣಿ ಹಿಡಿಯುತ್ತಿದ್ದೆ. ಚೂರು ಎಸೆಯುವುದನ್ನು ತಡ ಮಾಡಿದೆ, ಅದು ಕಾಯಲು ಕಲಿಯಿತು. ಸಂಕ್ರಾಂತಿ ಕಳೆದ ಮೇಲೆ ಅರಕಲಗೂಡಿನಿಂದ ಅಮ್ಮನ ಸೋದರತ್ತೆಯ ಮಗಳು ಬಂದಳು. ಹೊರಟಾಗ ಹೆಂಡತಿ ಮುಚ್ಚಳ ತೆರೆದಳು. ನಾಯಿ ಎದ್ದಿತು, ಆಕೆಯ ಕಾಲನ್ನು ನೋಡಿತು, ನನ್ನನ್ನು ನೋಡಿತು, ಹೋಗಿ ಚಾಪೆಯ ಮೇಲೆ ಕೂತಿತು. ಆಕೆ ಗೇಟು ದಾಟಿದಳು. ನನಗೆ ಕುಣಿಯಬೇಕು ಅನ್ನಿಸಿತು.

ತಿರುಗಿ ನೋಡಿದರೆ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಮರೆಸ್ಬುಟ್ಟಲ್ಲೋ," ಅಂದಳು. "ಅದೊಂದು ನೆನೀತಿತ್ತು ಅವರ್ನ. ಅದ್ಕೂ ಕೊಬ್ರಿ ಕೊಟ್ಟು ಮರೆಸ್ಬುಟ್ಟೆ."

ಜನ ಬರಲಿ ಅಂತ ತಾನೇ ಮಾಡಿದ್ದು ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಮುಂದಿನ ವಾರ ನಾಯಿ ಮತ್ತೆ ಕಚ್ಚಿತು. ಮತ್ತೆ ಕಲಿಸಿದೆ, ಸಂಜೆ ಕಲಿತದ್ದು ಮಾರನೆಯ ಸಂಜೆಗೆ ಇರುತ್ತಿರಲಿಲ್ಲ. ನಾನು ಕಾಲೇಜಿಗೆ, ಹೆಂಡತಿ ತನ್ನ ಕೆಲಸಕ್ಕೆ ಹೋದ ಹಗಲಿನಲ್ಲಿ ಏನೋ ನಡೆಯುತ್ತಿದೆ ಅನ್ನಿಸಿತು. ಒಂದು ದಿನ ಬೇಗ ಬಂದಾಗ ಕಿಟಕಿಯಿಂದ ಕಂಡೆ: ಅಮ್ಮ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಗಿಲಿನ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದಳು. "ವೋಯ್ತಾರೆ ಕಣ್ಲಾ, ಬುಡ್ಬ್ಯಾಡ" ಅಂದದ್ದು ಕೇಳಿಸಿತು. ಕೇಳಿಸಿತೇ? ಅನುಮಾನ ತುಂಬಿಕೊಂಡ ತಲೆಗೆ ಬೇಕಾದದ್ದೇ ಕೇಳಿಸುತ್ತದೆ. ಸುಮ್ಮನೆ ಮುದ್ದು ಮಾಡುತ್ತಿದ್ದಿರಲೂಬಹುದು. ಒಳಗೆ ಹೋಗಿ ಕೇಳುವ ಧೈರ್ಯವಾಗಲಿಲ್ಲ.

ಶಿವರಾತ್ರಿ ಹತ್ತಿರ ಬಂತು. ನಾಯಿಯನ್ನು ಕಳಿಸಿದರೆ ಅಪ್ಪನನ್ನೇ ಎರಡನೇ ಸಲ ಹೊರಗೆ ಸಾಗಿಸಿದ ಹಾಗೆ. ಇಟ್ಟುಕೊಂಡರೆ ಅಮ್ಮ ಗೇಟು ನೋಡುತ್ತಾ ಕೂರಬೇಕು. ಬೇರೆ ದಾರಿ ಕಾಣದೆ, ಅಮ್ಮನಿಗೆ ಬಹಳ ಬೇಕಾದ ಒಬ್ಬರನ್ನು ಕರೆತರಲು ಚನ್ನರಾಯಪಟ್ಟಣಕ್ಕೆ ಹೋದೆ. ನಮ್ಮ ಪಕ್ಕದ ಮನೆಯಲ್ಲೇ ಬಹಳ ವರ್ಷ ಇದ್ದ ಜೈನರ ಹೆಂಗಸು ಅವರು. ಮಗ ಅಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಮನೆ ಕಟ್ಟಿಸಿದ ಮೇಲೆ ಅಲ್ಲಿಗೆ ಹೋಗಿದ್ದರು. ಅಪ್ಪ ಸತ್ತಾಗ ದೂರದ ಯಾತ್ರೆಯಲ್ಲಿದ್ದರು. ಆಮೇಲೆ ಫೋನಿನಲ್ಲಿ ಮಾತಾಡಿದ್ದು ಬಿಟ್ಟರೆ ನಮ್ಮ ಮನೆಗೆ ಬಂದಿರಲಿಲ್ಲ.

"ಬಾಪ್ಪ, ಕೂತ್ಕೋ. ಹೊತ್ತು ಮುಳುಗೋ ಮುಂಚೆ ನಮ್ಮದು ಊಟ, ನೀನೂ ಮಾಡ್ಕೊಂಡೇ ಹೋಗು. ಹೆದರ್ಬೇಡ, ಎದ್ದು ಹೋಗುವಾಗ ನಮ್ಮನೇಲಿ ಯಾರೂ ಕಚ್ಚಲ್ಲ," ಅಂತ ನಕ್ಕರು.

ಬೀದಿಯ ಸುದ್ದಿ ಇಲ್ಲಿಗೂ ಬಂದಿದೆ ಅಂದುಕೊಂಡೆ. "ಅಪ್ಪ ಹೋದ ಮೇಲೆ ಹಾಗಾಗಿಬಿಟ್ಟಿದೆ," ಅಂದೆ.

"ಹೋದ ಮೇಲಾ? ನನ್ನ ಕಚ್ಚಿದಾಗ ನಿಮ್ಮಪ್ಪ ಕುರ್ಚೀಲಿ ಕೂತು ನಗ್ತಿದ್ರಲ್ಲಪ್ಪ! ಈ ಮನೆ ಗೃಹಪ್ರವೇಶಕ್ಕೆ ಕರೆಯೋಕೆ ಬಂದಿದ್ದೆ. ನಿಮ್ಮಮ್ಮ ಕುಂಕುಮ ಕೊಟ್ರು, ಎದ್ದೆ, ಹಿಡ್ಕೊಂಡ್ಬಿಡ್ತು. ನಿಮ್ಮಮ್ಮನೇ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದ್ದು."

ಕರೆಯಲು ಬಂದದ್ದನ್ನು ಹೇಳದೆಯೇ ಊಟ ಮಾಡಿ ಎದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಾನೇ ವಾದ ಮಾಡಿಕೊಂಡೆ. ಆಕೆಗೂ ಎಪ್ಪತ್ತು ದಾಟಿದೆ. ನನ್ನ ನೆನಪನ್ನು ನಂಬದವನು ಆಕೆಯದನ್ನು ಯಾಕೆ ನಂಬಬೇಕು? ಆಕೆಯ ಮಾತು ನಿಜವಾದರೆ, ಅಮ್ಮ ನಮಗೆಲ್ಲ ಹೇಳಿದ್ದು ಏನು?

ಅಮ್ಮನಿಗೆ ಏನೂ ಹೇಳಲಿಲ್ಲ. ಶಿವರಾತ್ರಿ ಬಂದು ಹೋಯಿತು, ನಾಯಿ ಹಳೇಕೋಟೆಗೆ ಹೋಗಲಿಲ್ಲ. ಹೆಂಡತಿ ಒಂದು ವಾರ ಮಾತು ಬಿಟ್ಟಳು. ಈಗ ಕಾಲೇಜಿಗೆ ರಜೆ ಇರುವ ದಿನ ನಾನೇ ಎರಡು ಮನೆಗೆ ಹೋಗಿ ಹೆಂಗಸರನ್ನು ಕರೆಯುತ್ತೇನೆ. ಅವರು ಏಳುವ ಹೊತ್ತಿಗೆ ನಾಯಿಯ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತೇನೆ. ಅದು ಎಳೆದಾಡುತ್ತದೆ. ಅಮ್ಮ ಅವರಿಗೆ ಮತ್ತೆ ಅದೇ ಕಥೆ ಹೇಳುತ್ತಾಳೆ, ಎತ್ತಿಕೊಂಡು ಹೋದ ದಿನದಿಂದ ಹೀಗೆ ಅಂತ. ಹೇಳುವಾಗ ನನ್ನ ಮುಖ ನೋಡುವುದಿಲ್ಲ. ಅಥವಾ ನೋಡುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಒಂದನ್ನು ಮಾತ್ರ ಪರೀಕ್ಷಿಸಿ ನೋಡಿದೆ. ಬೇಸಿಗೆಯಲ್ಲಿ ಮತ್ತೆ ಚನ್ನರಾಯಪಟ್ಟಣಕ್ಕೆ ಹೋದಾಗ ಗೃಹಪ್ರವೇಶದ ಫೋಟೊ ತೋರಿಸಿ ಅಂತ ಕೇಳಿದೆ. ಹೊಸ ಹೊಸ್ತಿಲು ದಾಟಲು ಆಕೆ ಸೀರೆ ಎತ್ತಿ ಹಿಡಿದಿದ್ದಾರೆ, ಎಡಗಾಲಿನ ಹಿಮ್ಮಡಿಗೆ ಬಿಳಿ ಬ್ಯಾಂಡೇಜು ಸುತ್ತಿದೆ. ಒಂದು ಪಕ್ಕದಲ್ಲಿ ಅಪ್ಪ ನಿಂತಿದ್ದಾರೆ. ಇನ್ನೊಂದು ಪಕ್ಕದಲ್ಲಿ, ಕಾಲಿಗೆ ಭಾರ ಬೀಳದಂತೆ ಆಕೆಯ ತೋಳು ಹಿಡಿದುಕೊಂಡು ನಿಂತಿರುವವಳು ಅಮ್ಮ.