ಅಕ್ಕನ ಮದುವೆ ಕ್ಯಾಸೆಟ್ಟಿನ ಕೊನೆ

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಸಿನಿಮಾ ಬಸ್ಸಿನಲ್ಲಿ ಬರುತ್ತಿತ್ತು. ನಗಬೇಡಿ ಮಕ್ಕಳೇ, ನಿಜ. ಮಧುಗಿರಿಯಲ್ಲೊಂದು ಕ್ಯಾಸೆಟ್ ಅಂಗಡಿಯಿತ್ತು. ದಪ್ಪ ಪುಸ್ತಕದಂಥ ಕಪ್ಪು ಕ್ಯಾಸೆಟ್, ಅದನ್ನು ಓಡಿಸುವ ವಿಸಿಆರ್ ಪೆಟ್ಟಿಗೆ, ಒಂದು ಟಿವಿ, ಮೂರನ್ನೂ ಒಂದು ದಿನದ ಬಾಡಿಗೆಗೆ ಕೊಡುತ್ತಿದ್ದರು. ಅಪ್ಪ ಟಿವಿಗೆ ಕಂಬಳಿ ಹೊದಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮಿಡಿಗೇಶಿಗೆ ತರುತ್ತಿದ್ದ. ನನ್ನನ್ನು ಹಾಗೆ ಕೂರಿಸಿಕೊಂಡದ್ದು ನನಗೆ ನೆನಪಿಲ್ಲ.

ಅಮ್ಮ ಇರಲಿಲ್ಲ. ನನ್ನ ತಲೆ ಬಾಚಿದ್ದು, ಮುದ್ದೆ ನುಂಗಲು ಕಲಿಸಿದ್ದು ಅಕ್ಕ. ಅವಳನ್ನು ಪಾವಗಡದ ಆಚೆ ರಾಯಚರ್ಲಿಗೆ ಮದುವೆ ಮಾಡಿಕೊಟ್ಟ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಅಪ್ಪ, ಒಂದು ಎಮ್ಮೆ. ಮೂವರಲ್ಲಿ ಜಾಸ್ತಿ ಮಾತಾಡುತ್ತಿದ್ದದ್ದು ಎಮ್ಮೆಯೇ. ಅಕ್ಕನ ಮದುವೆಯ ಕ್ಯಾಸೆಟ್ ಒಂದು ನಮ್ಮ ಸ್ವಂತದ್ದಿತ್ತು. ಅದನ್ನು ನೋಡುವ ಪೆಟ್ಟಿಗೆ ಮಾತ್ರ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬೀದಿಯವರೆಲ್ಲ ನಮ್ಮ ನಡುಮನೆಯಲ್ಲಿ ಕಿಕ್ಕಿರಿದು ಕೂತು, ಬಾಡಿಗೆಗೆ ತಂದ ಫೈಟಿಂಗ್ ಸಿನಿಮಾ ನೋಡಿ ಹೋದರು. ಬೆವರು, ಹುರಿದ ಕಡಲೆಕಾಯಿ, ಹರಳೆಣ್ಣೆ ತಲೆಗಳ ವಾಸನೆ ಉಳಿಯಿತು. ಆಮೇಲೆ ನಾನೂ ಅಪ್ಪನೂ ಬಾಗಿಲು ಮುಂದೆ ಮಾಡಿಕೊಂಡು ಅಕ್ಕನ ಮದುವೆ ಹಾಕಿದೆವು. ಧಾರೆಯಾಯಿತು, ಊಟವಾಯಿತು. ಅಕ್ಕ ಕಾರು ಹತ್ತುವ ಹೊತ್ತಿಗೆ ಅಪ್ಪ ಎಂದಿನಂತೆ ಎದ್ದ. "ಎಮ್ಮೆಗೆ ನೀರು ಇಕ್ಕುಬುಟ್ಟು ಬತ್ತೀನಿ" ಎಂದು ಹಿತ್ತಲಿಗೆ ಹೋದ.

ನಾನೂ ಎಂದಿನಂತೆ ಹಿಂದಕ್ಕೆ ಸುತ್ತುವ ಗುಂಡಿ ಒತ್ತಿದೆ. ಬಾಡಿಗೆಯ ಕ್ಯಾಸೆಟ್ಟನ್ನು ಮೊದಲಿನ ತನಕ ಸುತ್ತಿ ವಾಪಸ್ ಕೊಡಬೇಕೆಂಬುದು ಅಂಗಡಿಯ ಕಟ್ಟಪ್ಪಣೆ, ಆ ಕೆಲಸ ನನ್ನದು. ಆದರೆ ಚಿತ್ರ ಓಡುತ್ತಿರುವಾಗಲೇ ಸುತ್ತಿದರೆ ಏನಾಗುತ್ತದೆಂದು ನಾನು ಯಾರಿಗೂ ಹೇಳಿರಲಿಲ್ಲ. ಕಾರಿನ ಬಾಗಿಲು ತೆರೆದುಕೊಂಡು ಅಕ್ಕ ಹಿಮ್ಮುಖವಾಗಿ ಇಳಿಯುತ್ತಾಳೆ. ಕಣ್ಣೊರೆಸಿದ ಸೆರಗು ಹೆಗಲಿಗೆ ಹೋಗುತ್ತದೆ. ಹಿಂದೆ ಹಿಂದೆ ನಡೆದು ಮನೆಯೊಳಕ್ಕೆ ಬಂದುಬಿಡುತ್ತಾಳೆ.

ಅಷ್ಟರಲ್ಲಿ ಸಾಯಂಕಾಲದ ಬಸ್ಸಿನ ಹಾರ್ನು ಕೇಳಿತು. ಗಡಿಬಿಡಿಯಲ್ಲಿ ಎರಡೂ ಕ್ಯಾಸೆಟ್ಟನ್ನು ಡಬ್ಬಿಗಳಿಗೆ ತುರುಕಿದೆ. ಅಪ್ಪ ಎಲ್ಲವನ್ನೂ ಮಧುಗಿರಿಗೆ ಒಯ್ದು ಕೊಟ್ಟು ಬಂದ. ಆಮೇಲೆ ಅಕ್ಕನ ಡಬ್ಬಿ ತೆರೆದರೆ ಒಳಗಿದ್ದದ್ದು ಫೈಟಿಂಗ್ ಸಿನಿಮಾ.

ಚಿಂತೆ ಮಾಡುವುದರಲ್ಲಿ ನಾನು ಆಗಲೇ ನಿಪುಣ. ಅಂಗಡಿಯಲ್ಲಿ ಎರಡು ವಿಸಿಆರ್‌ಗಳನ್ನು ವೈರಿನಿಂದ ಜೋಡಿಸಿ, ಹಳೆಯ ಕ್ಯಾಸೆಟ್ಟಿನ ಮೇಲೆ ಹೊಸ ಸಿನಿಮಾ ತುಂಬುವುದನ್ನು ಕಣ್ಣಾರೆ ಕಂಡಿದ್ದೆ. ಅಕ್ಕನ ಮೇಲೆ ಯಾವನಾದರೂ ಖಳನಾಯಕನನ್ನು ತುಂಬಿಬಿಟ್ಟರೆ? ಹಾಗಾದರೆ ಅಕ್ಕ ಇನ್ನು ಕಾರಿನಿಂದ ಇಳಿಯುವುದೇ ಇಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಕೇಳಿದ: "ಏನ್ಲಾ, ಕೋಳಿ ಕದ್ದೋನಂಗೆ ಕುಂತಿದ್ದೀಯ?"

ಹೇಳಿದೆ. ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತೆ. ಅಪ್ಪ ಬೈಯಲಿಲ್ಲ, ಅಂಗಿ ಹಾಕಿಕೊಂಡ. ಮೊದಲ ಬಸ್ಸಿಗೆ ಇಬ್ಬರೂ ಮಧುಗಿರಿಗೆ ಹೊರಟೆವು.

ಅಂಗಡಿಯಲ್ಲಿ ಊದುಬತ್ತಿ ಮತ್ತು ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಅಂಗಡಿಯವರು ಹಣೆ ಚಚ್ಚಿಕೊಂಡರು. "ಆ ಡಬ್ಬೀನ ನಿನ್ನೆ ಸಾಯಂಕಾಲವೇ ಕೊರಟಗೆರೆಯೋರು ತಗೊಂಡೋದ್ರಲ್ಲಪ್ಪ! ಮಧ್ಯಾಹ್ನಕ್ಕೆ ತತ್ತಾರೆ, ಕುಂತ್ಕಳಿ."

ಕೂತೆವು. ಒಂದೇ ಬೆಂಚು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಗೋಡೆಯ ಪೋಸ್ಟರಿನ ನಾಯಕರೆಲ್ಲ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು.

ಬಿಸಿಲು ನೆತ್ತಿಗೇರಿದಾಗ ಪಂಚೆ ಎತ್ತಿ ಕಟ್ಟಿದ ಒಬ್ಬಾತ ಡಬ್ಬಿ ಹಿಡಿದು ಬಂದ. "ಏನ್ ಸಾಮಿ, ಫೈಟಿಂಗ್ ಪಿಚ್ಚರ್ ಕೇಳುದ್ರೆ ಮದ್ವೆ ಕೊಟ್ಟಿದ್ದೀರಲ್ಲ! ಒಂದು ಗುದ್ದಾಟನಾದ್ರೂ ಬೇಡ್ವಾ?"

"ಮತ್ತೆ ಆಫ್ ಮಾಡೋದಲ್ವಾ?" ಎಂದರು ಅಂಗಡಿಯವರು.

"ನಮ್ಮವ್ವ ಬುಡಬೇಕಲ್ಲ! ಪೂರ್ತಿ ನೋಡುದ್ಲು. ಕೊನೇಲಿ ಕಾರು ಹೊಂಟೋಯ್ತು, ಜನ ಎಲ್ಲ ಒಳಕ್ಕೋದ್ರು. ಒಬ್ಬ ಯಪ್ಪ ಮಾತ್ರ ಬೀದೀಲಿ ಅಂಗೇ ನಿಂತವ್ನೆ, ಟವಲ್ಲು ಬಾಯಿಗಿಟ್ಕಂಡು. ಕ್ಯಾಸೆಟ್ ಮುಗಿಯೋಗಂಟ ನಿಂತೇ ಅವ್ನೆ. ಆವಯ್ಯನ್ನ ಯಾರಾನಾ ಊಟಕ್ಕೆ ಕರುದ್ರಾ, ಕೇಳ್ಕಂಡು ಬಾ ಅಂತ ನಮ್ಮವ್ವ ಪ್ರಾಣ ತಿಂದ್ಬುಟ್ಲು."

ಅಂಗಡಿಯವರು ಅಪ್ಪನ ಕಡೆ ನೋಡಿದರು. ಆ ಮನುಷ್ಯನೂ ನೋಡಿದ, ಗುರುತು ಹತ್ತಿತು, ಎತ್ತಿ ಕಟ್ಟಿದ ಪಂಚೆಯನ್ನು ಇಳಿಬಿಟ್ಟ.

ಅಪ್ಪ ಹೆಗಲ ಟವಲ್ಲನ್ನು ಸರಿಮಾಡಿಕೊಂಡು, "ಕರುದ್ರು ಕಣಪ್ಪ. ಉಂಡೆ ಅಂತ ಹೇಳು ನಿಮ್ಮವ್ವಂಗೆ" ಎಂದ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಸ್ಸಿನಲ್ಲಿ ಕ್ಯಾಸೆಟ್ಟನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದೆ. ಮಿಡಿಗೇಶಿ ಬೆಟ್ಟ ಕಂಡಿತು. ಇಳಿಯಲು ಎದ್ದರೆ ಅಪ್ಪ ಅಂಗಿ ಹಿಡಿದು ಕೂರಿಸಿದ.

"ಕುಂತ್ಕಳ್ಳಾ. ಪಾವಗಡಕ್ಕೆ ತಗಂಡಿದೀನಿ ಟಿಕೀಟು."

"ಎಮ್ಮೆ?"

"ಅದ್ಕೂ ನೀನೇ ಚಿಂತೆ ಮಾಡ್ಬೇಕಾ? ಪಕ್ಕದ್ಮನೇರು ನೋಡ್ಕತ್ತಾರೆ ಬುಡು. ಅಕ್ಕನ್ನ ನೋಡ್ಕಂಡ್ ಬರಾನ."

ಈಗ ಅಪ್ಪ ಇಲ್ಲ, ಅಕ್ಕನೂ ಇಲ್ಲ. ಆ ಅಂಗಡಿಯ ಜಾಗದಲ್ಲಿ ಮೊಬೈಲಿನ ಕವರುಗಳು ತೂಗಾಡುತ್ತವೆ. ಆ ದಿನದ ನಂತರವೂ ಕ್ಯಾಸೆಟ್ಟನ್ನು ಹಲವು ಸಲ ಹಾಕಿದೆವು. ಕಾರು ಬಂದ ಕೂಡಲೇ ಅಪ್ಪ ಎಮ್ಮೆಯ ಕಡೆಗೆ, ನಾನು ಗುಂಡಿಯ ಕಡೆಗೆ. ಕೊನೆಯನ್ನು ನೋಡುವ ಧೈರ್ಯ ನನಗೆ ಆಗ ಬರಲೇ ಇಲ್ಲ. ಬಂದಾಗ ನೋಡುವ ಪೆಟ್ಟಿಗೆಗಳೇ ಇರಲಿಲ್ಲ. ಬೂಷ್ಟು ಹಿಡಿದೀತೆಂದು ವರ್ಷಕ್ಕೊಮ್ಮೆ ಬೀರುವಿನಿಂದ ತೆಗೆದು ಒರೆಸಿಡುತ್ತೇನೆ. ಯಾರಿಗಾದರೂ ಕೊಟ್ಟು ಕಂಪ್ಯೂಟರಿಗೆ ಹಾಕಿಸು ಅನ್ನುತ್ತೀರಿ. ಟೇಪು ತುಂಡಾದರೆ ಎಂದು ನನಗೆ ಭಯ.

ನಿಮ್ಮ ಟಿವಿಯಲ್ಲಿ ಒಂದು ಕಥೆ ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ಯಾವುದೂ ತಪ್ಪಿ ಬೇರೆಯವರ ಮನೆಗೆ ಹೋಗುವುದಿಲ್ಲ. ಒಳ್ಳೆಯದೇ, ನನಗೊಂದು ಚಿಂತೆ ಕಮ್ಮಿ. ಮೊನ್ನೆ ನೀವಿಬ್ಬರೂ ಒಂದೇ ಸೋಫಾದಲ್ಲಿ, ಬೇರೆ ಬೇರೆ ಫೋನು ಹಿಡಿದು, ಕಿವಿ ಮುಚ್ಚಿಕೊಂಡು ಕೂತಿದ್ದಿರಿ. ನಾನು ಊಟಕ್ಕೆ ಕರೆಯಲು ಬಂದವನು ಎರಡು ಸಲ ಕರೆದು, ಬಾಗಿಲಲ್ಲೇ ನಿಂತೆ. ಬಹಳ ಹೊತ್ತು ನಿಂತೆ. ಆಮೇಲೆ ನೋಡಿಕೊಂಡರೆ, ಹೆಗಲ ಟವಲ್ಲು ಬಾಯಿಗೆ ಬಂದಿತ್ತು.