ಒಂದು ಬೋಲ್ಟಿನ ಪೆಡಸು

ಯಾರಾದರೂ ಇಂಗ್ಲಿಷ್ ಪದವೊಂದಕ್ಕೆ ಕನ್ನಡ ಕೇಳಿದರೆ ನನಗೆ ಎಲ್ಲಿಲ್ಲದ ಹುರುಪು ಬರುತ್ತದೆ. ಕನ್ನಡ ಟೀಚರಿಗೆ ಇರುವ ಸುಖಗಳೇ ಕಡಿಮೆ, ಅದರಲ್ಲಿ ಇದೊಂದು. ಆದರೆ ಪದ ಹುಡುಕಿ ಕೊಟ್ಟ ಮೇಲೆ, ಅದು ಅವರಿಗೆ ಯಾತಕ್ಕೆ ಬೇಕಾಗಿತ್ತು ಎಂದು ಕೇಳುವ ರೂಢಿ ನನಗಿಲ್ಲ. ಇದರಿಂದ ದೊಡ್ಡ ನಷ್ಟವೇನೂ ಆಗಿಲ್ಲ, ಒಂದು ಸಲ ಬಿಟ್ಟರೆ. ಆ ಒಂದು ಸಲ ನೆನಪಾದರೆ ಮಾತ್ರ ಇವತ್ತಿಗೂ ಮನಸ್ಸು ಪಿಚ್ಚೆನ್ನುತ್ತದೆ.

ತೊಂಬತ್ತರ ದಶಕದ ಕೊನೆ. ಕೊಟ್ಟೂರಿನಲ್ಲಿ ನಮ್ಮದೊಂದು ಬಾಡಿಗೆ ಮನೆ. ನಾನು ಹೈಸ್ಕೂಲಿನಲ್ಲಿ ಟೀಚರಾಗಿದ್ದೆ, ನಮ್ಮ ಮನೆಯವರು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳುತ್ತಿದ್ದರು. ಮದುವೆಗೆ ಮೊದಲೇ ಅವರು ಪಿಎಚ್.ಡಿ.ಗೆ ಹೆಸರು ಹಚ್ಚಿದ್ದರು. ವಿಷಯ, ಎರಡು ಕಬ್ಬಿಣದ ಪಟ್ಟಿಗಳನ್ನು ಬಿಗಿದು ಹಿಡಿದ ಒಂದು ಬೋಲ್ಟು. ಹಗರಿಬೊಮ್ಮನಹಳ್ಳಿಯಲ್ಲಿದ್ದ ನನ್ನ ತಂಗಿ ಇದನ್ನು ಕೇಳಿ, ಬೋಲ್ಟಿನ ಬಗ್ಗೆ ಬರೆಯಲಿಕ್ಕೆ ಒಂದು ಪುಟವಾದರೂ ಇರುತ್ತದೆಯೇ ಎಂದು ನಕ್ಕಿದ್ದಳು. ನಾನೂ ಹೊಸತರಲ್ಲಿ ಒಮ್ಮೆ ಕೇಳಿದ್ದೆ. ಅದೆಲ್ಲ ಬರೀ ಗಣಿತ, ನಿನಗೆ ಬೇಸರ ಬರುತ್ತದೆ ಎಂದರು. ಗಣಿತವೆಂದರೆ ನನಗೆ ಮೊದಲೇ ಆಗದು. ಗಂಡ ತಾನಾಗಿಯೇ ನನ್ನನ್ನು ಅದರಿಂದ ಉಳಿಸಿದನಲ್ಲ ಎಂದುಕೊಂಡೆ.

ಪಡಸಾಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಬಂದು ಕೂತಿತು. ಇವರು ಅದರೊಳಗೆ ಪಟ್ಟಿ, ಬೋಲ್ಟು ಎಲ್ಲವನ್ನೂ ಚೂರುಚೂರು ಮಾಡಿ, ಒಂದೊಂದು ಚೂರಿನ ಲೆಕ್ಕ ಹಚ್ಚಿ, ಮಧ್ಯಾಹ್ನದಿಂದ ಸಂಜೆವರೆಗೆ ಓಡಲು ಬಿಡುತ್ತಿದ್ದರು. ಪಕ್ಕದಲ್ಲೇ ರುದ್ರಪ್ಪನ ಹಿಟ್ಟಿನ ಗಿರಣಿ. ಅದರ ಮೋಟಾರು ಶುರುವಾಯಿತೆಂದರೆ ನಮ್ಮ ಮನೆಯ ಬಲ್ಬು ಕೆಂಪಗಾಗಿ, ಕಂಪ್ಯೂಟರ್ ಕಣ್ಣುಮುಚ್ಚಿ, ಅಷ್ಟೂ ಲೆಕ್ಕ ಗಾಳಿಗೆ ಹೋಗುತ್ತಿತ್ತು. ಇವರು ಒಂದು ನಿಟ್ಟುಸಿರು ಬಿಟ್ಟು ಮತ್ತೆ ಮೊದಲಿನಿಂದ ಹಚ್ಚುತ್ತಿದ್ದರು.

ಕೊನೆಗೊಂದು ಭಾನುವಾರ ಗಿರಣಿಗೆ ಹೋಗಿ ಮಾತಾಡಿ ಬಂದರು. ಅವರ ಹಿಂದೆಯೇ ರುದ್ರಪ್ಪ ಮೈಮೇಲಿನ ಹಿಟ್ಟು ಕೊಡವುತ್ತ ಬಂದ. ಜಗಳವೇ ಆಯಿತು ಎಂದುಕೊಂಡೆ. ಅವನು ಕುರ್ಚಿ ಎಳೆದುಕೊಂಡು ಕೂತ.

“ಒಂದು ಬೋಲ್ಟಿನ ಸಲುವಾಗಿ ನನ್ನ ಗಿರಣಿ ನಿಲ್ಲಸು ಅಂತೀರಿ. ಅಂಥಾದ್ದೇನೈತ್ರಿ ಸರ ಅದರಾಗ?”

ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಬೋಲ್ಟಿನ ವಿಷಯವಾಗಿ ನನಗೆ ತಿಳಿದಿರುವುದೆಲ್ಲ ಅವತ್ತು ಆ ಸಪ್ಪಳದ ನಡುವೆ ಕಿವಿಗೆ ಬಿದ್ದಷ್ಟೇ. ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದಂತೆ. ಸ್ಪ್ರಿಂಗಿನ ಹಾಗೆ ಮತ್ತೆ ಕುಗ್ಗಲು ನೋಡುತ್ತದಂತೆ. ಆ ಎಳೆತವೇ ಎರಡು ಪಟ್ಟಿಗಳನ್ನು ಕೂಡಿಸಿ ಹಿಡಿಯುವುದು. ಥ್ರೆಡ್ಡಿನ ಸಮೇತ ಇಡೀ ಬೋಲ್ಟನ್ನು ಕಂಪ್ಯೂಟರಿಗೆ ಕೊಟ್ಟರೆ ಲೆಕ್ಕ ಮುಗಿಯುವುದೇ ಇಲ್ಲ; ಅದರ ಬದಲು ಒಂದು ಸ್ಪ್ರಿಂಗು ಇಟ್ಟರೆ ಸಾಕು. ಆದರೆ ಆ ಸ್ಪ್ರಿಂಗು ಎಷ್ಟು ಬಲವಾಗಿರಬೇಕು? ಇವರ ಪಿಎಚ್.ಡಿ. ಪೂರ್ತಿ ಆ ಒಂದು ಪ್ರಶ್ನೆಯಂತೆ. ತನ್ನ ಗಿರಣಿಯ ಬೋಲ್ಟುಗಳೂ ಹೀಗೆ ಹಿಗ್ಗುತ್ತವೆಯೇ ಎಂದು ರುದ್ರಪ್ಪ ಬೆರಗಾಗಿ ಕೇಳಿದ. ಎಲ್ಲ ಬೋಲ್ಟೂ ಹಿಗ್ಗುತ್ತವೆ ಎಂದರು ಇವರು, ಮಕ್ಕಳ ಸುದ್ದಿ ಹೇಳುವವರ ಹಾಗೆ.

ಆಗಲೇ ಒಳಗೆ ಕೂಗಿ, ಸ್ಟಿಫ್‌ನೆಸ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ನನ್ನನ್ನು ಕೇಳಿದರು. ನನಗೆ ಹುರುಪು ಬಂತು. ಗಡಸು ಎಂದೆ. ಅಲ್ಲ, ಅದು ಗೀರು ಬೀಳದ ಗುಣ ಎಂದರು. ಬಿಗಿ ಎಂದೆ. ಅದು ಪಾನಾ ಹಾಕಿ ತಿರುಗಿಸಿದಾಗ ಬರುವಂಥದ್ದು. ಹಾಗಾದರೆ ಪೆಡಸು ಎಂದೆ. ಇವರು ಒಂದೆರಡು ಸಲ ಬಾಯಲ್ಲಿ ಅಂದು ನೋಡಿ, ಇದು ಕೂತಿತು ಎಂದರು. ಪದ ಕೊಟ್ಟ ಖುಷಿಯಲ್ಲಿ ನಾನು ಹಂಚಿನ ಮೇಲಿನ ರೊಟ್ಟಿ ಮಗುಚಿದೆ. ಪಡಸಾಲೆಯಲ್ಲಿ ಇನ್ನೊಂದು ಕುರ್ಚಿ ಖಾಲಿಯಿತ್ತು.

ರುದ್ರಪ್ಪ ಮಧ್ಯಾಹ್ನ ಗಿರಣಿ ನಿಲ್ಲಿಸಲು ಒಪ್ಪಿದ. ಲೆಕ್ಕ ಕೊನೆ ಮುಟ್ಟಿತು. ಆದರೆ ಲ್ಯಾಬಿನಲ್ಲಿ ನಿಜವಾದ ಬೋಲ್ಟನ್ನು ಎಳೆದು ನೋಡಿದರೆ, ಅದು ಕಂಪ್ಯೂಟರಿನ ಬೋಲ್ಟಿಗಿಂತ ಮೆದು. ತಲೆಯ ಕೆಳಗೆ, ನಟ್ಟಿನ ಒಳಗೆ ಅದು ಇನ್ನಷ್ಟು ಹಿಗ್ಗುತ್ತಿತ್ತು. ಇವರು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಪ್ಪು ಸಿಕ್ಕಿದ್ದಕ್ಕೆ ಅವತ್ತು ಮನೆಗೆ ಬರುವಾಗ ಹಾಡು ಗುನುಗುತ್ತಿದ್ದರು. ಅಷ್ಟರಲ್ಲಿ ಮಾರ್ಗದರ್ಶಕರು ನಿವೃತ್ತರಾಗಿ ಊರು ಬಿಟ್ಟರು. ಕಾಲೇಜಿನವರು ಪರೀಕ್ಷೆ, ಹಾಸ್ಟೆಲ್ಲು ಎಲ್ಲವನ್ನೂ ಇವರ ತಲೆಗೆ ಕಟ್ಟಿದರು. ಪಿಎಚ್.ಡಿ.ಯ ಅವಧಿ ಮುಗಿದುಹೋಯಿತು. ನಾವಿಬ್ಬರೂ ಹಡಗಲಿಗೆ ವರ್ಗ ಮಾಡಿಸಿಕೊಂಡು ಬಂದೆವು. ದಾರಿಯ ಕುಲುಕಾಟಕ್ಕೆ ಕಂಪ್ಯೂಟರ್ ಕೆಟ್ಟಿತು. ಇವರು ಅದನ್ನು ರಿಪೇರಿಗೆ ಒಯ್ಯಲಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಪಾಠದಲ್ಲಿ ‘ಪೆಡಸು’ ಬಂತು. ಹುಡುಗಿಯೊಬ್ಬಳು ಎದ್ದು ಅರ್ಥ ಕೇಳಿದಳು. ಬಗ್ಗದ ಗುಣ ಎಂದು ಹೇಳಿ ಮುಂದಿನ ಸಾಲಿಗೆ ಹೋದೆ. ಆದರೆ ಮನಸ್ಸು ಅಲ್ಲೇ ನಿಂತಿತು. ಸಂಜೆ ಚಹಾ ಕೊಡುತ್ತ, “ಆ ಬೋಲ್ಟಿಂದು ನನಗೂ ಒಮ್ಮೆ ಹೇಳ್ರಿ” ಎಂದೆ.

ಇವರು ನನ್ನನ್ನೇ ನೋಡಿದರು. ಪೇಪರಿನ ಅಂಚಿನಲ್ಲಿ ಎರಡು ಪಟ್ಟಿ ಬರೆದರು, ನಡುವೆ ಒಂದು ಬೋಲ್ಟು. ಪೆನ್ನು ಅಲ್ಲಿಗೇ ನಿಂತಿತು.

“ಮರ್ತೇನಿ ನೋಡು,” ಎಂದರು. ಆಮೇಲೆ ನಗುತ್ತ, “ರುದ್ರಪ್ಪಗ ಹೇಳೂಮುಂದ ಒಳಗ ನಿನಗೂ ಕೇಳಲಿ ಅಂತ ಜೋರಾಗೇ ಹೇಳ್ತಿದ್ದೆ.”

ಆಕ್ಷೇಪಣೆಯ ಧ್ವನಿಯಲ್ಲ ಅದು. ಆಗಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಈಗ ಇವರಿಗೆ ಮಾಳಿಗೆಯ ಮೇಲೆ ಮಲ್ಲಿಗೆ ಬೆಳೆಸುವ ಹುಚ್ಚು. ನನ್ನ ತವರಿನವರು ಇದೇ ಹಡಗಲಿಯಲ್ಲಿ ತಲೆತಲಾಂತರದಿಂದ ಮಲ್ಲಿಗೆ ಬೆಳೆದವರು. ನಾನು ಅಕ್ಷರ ಕಲಿಯುವ ಮೊದಲೇ ಬಳ್ಳಿ ಸವರುವುದನ್ನು ಕಲಿತವಳು. ಮೊನ್ನೆ ಇವರು ಕತ್ತರಿ ಹಿಡಿದು ಮೇಲಿನಿಂದ ಕೂಗಿದರು: “ಕಡ್ಡಿ ಎಲ್ಲಿ ಕತ್ತರಸಿದ್ರ ಮೊಗ್ಗು ಜಾಸ್ತಿ ಬರತಾವ, ಗೊತ್ತೈತೇನು?”

ಒಲೆ ಆರಿಸಿ, ಮೇಲೆ ಹೋಗಿ, ಪಕ್ಕದಲ್ಲಿ ಕೂತು, “ಗೊತ್ತಿಲ್ಲ, ಹೇಳ್ರಿ” ಎಂದೆ.