ಪೋಟಗಿ ಹುಡುಕಿಕೊಂಡು ಮುಂಡರಗಿ ಸಂತೆಗೆ

ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಅಂಗಡಿಯವರು ತಮ್ಮ ಬೋರ್ಡಿನ ಮೇಲಿನ ‘ಜಿ. ಧಾರವಾಡ’ಕ್ಕೆ ಬಣ್ಣ ಬಳಿದು ‘ಜಿ. ಗದಗ’ ಎಂದು ಬರೆಸುತ್ತಿದ್ದ ದಿನಗಳವು. ಹಳೆಯ ಅಕ್ಷರಗಳು ಹೊಸ ಬಣ್ಣದ ಕೆಳಗಿನಿಂದ ಇಣುಕುತ್ತಿದ್ದವು. ಬೆಟಗೇರಿಯ ನಮ್ಮ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸಪ್ಪಳ. ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ ಗೋಡೆಗೂ ಹತ್ತಿರುತ್ತಿತ್ತು, ತಲೆಗೂದಲಿಗೂ ಹತ್ತಿರುತ್ತಿತ್ತು. ಅಂಥ ಓಣಿಯಲ್ಲಿ ಬೆಳೆದವರಿಗೆ ಇದನ್ನು ಓದುತ್ತಲೇ ಆ ವಾಸನೆ ಮೂಗಿಗೆ ಬರುತ್ತದೆ, ನನಗೆ ಗೊತ್ತು.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ನಾನು ಅಜ್ಜಿಯಾದೆ! ನಲವತ್ತು ತುಂಬುವ ಮೊದಲೇ ಅಜ್ಜಿ. ಮಗಳಿಗೆ ಹೆಣ್ಣು ಕೂಸು. ತೊಟ್ಟಿಲಿಗೆ ಹಾಕಿ ಇವತ್ತಿಗೆ ಒಂಬತ್ತು ದಿನ. ಓಣಿಗೆಲ್ಲ ಪೇಢೆ ಹಂಚಿದೆ, ಹಾಲು ಹಾಕುವವನಿಗೂ ಕೊಟ್ಟೆ, ಗುರುತಿಲ್ಲದ ಆಟೋದವನಿಗೂ ಕೊಟ್ಟೆ. ಮನೆ ತುಂಬ ಬೀಗರು, ಒಲೆ ಆರುವುದೇ ಇಲ್ಲ. ಇಷ್ಟು ಸಂತೋಷ ನನ್ನ ಮೈಯಲ್ಲಿ ಎಲ್ಲಿ ಹಿಡಿಯಬೇಕು? ಆದರೆ ಕೂಸು ತೊಡೆಯ ಮೇಲೆ ನಿದ್ದೆ ಹೋದಾಗ ಮಾತ್ರ ನನ್ನ ಹತ್ತನೆಯ ವರ್ಷ ಬಂದು ಪಕ್ಕದಲ್ಲಿ ಕೂಡುತ್ತದೆ.

ಅದಕ್ಕೂ ಮೊದಲು ನಾವು ದೊಡ್ಡ ಮನೆಯಲ್ಲಿದ್ದೆವು. ದೊಡ್ಡಪ್ಪ, ದೊಡ್ಡವ್ವ, ಅವರ ಐದು ಮಕ್ಕಳು, ಅಜ್ಜಿ, ನಾವು ಮೂವರು. ಊಟಕ್ಕೆ ಕುಳಿತರೆ ಗಂಗಾಳಗಳ ಸಪ್ಪಳಕ್ಕೆ ಮಾತು ಕೇಳುತ್ತಿರಲಿಲ್ಲ. ಅಪ್ಪ ಅವ್ವ ಯಾಕೆ ಬೇರೆಯಾದರೋ ನನಗೆ ಯಾರೂ ಹೇಳಲಿಲ್ಲ. ಒಂದು ದಿನ ಅವ್ವ ಟ್ರಂಕು ಹೊತ್ತು ನನ್ನ ಕೈ ಹಿಡಿದು ಎರಡು ಓಣಿ ಆಚೆ ಒಂದು ಖೋಲಿಗೆ ಬಂದಳು, ಅಷ್ಟೇ. ಸ್ವಲ್ಪ ದಿನಕ್ಕೆ ಅಪ್ಪನೂ ಆ ಮನೆ ಬಿಟ್ಟು ಎಲ್ಲೋ ಹೋದ ಎಂದು ಕೇಳಿದೆವು.

ಆಮೇಲೆ ಕೋರ್ಟು. ಗಂಡ ಬಿಟ್ಟ ಹೆಂಡತಿಗೂ ಮಕ್ಕಳಿಗೂ ತಿಂಗಳಿಗೆ ಇಷ್ಟು ಎಂದು ಕೋರ್ಟು ಕೊಡಿಸುವುದಕ್ಕೆ ಕಾಗದದಲ್ಲಿ ಜೀವನಾಂಶ ಎಂದು ಬರೆಯುತ್ತಾರೆ. ನಮ್ಮ ಕಡೆ ಬಾಯಲ್ಲಿ ಅದು ಪೋಟಗಿ. ಆ ಶಬ್ದ ಮೊದಲ ಸಲ ಕೇಳಿದಾಗ ನನಗೆ ಎಂಟು ವರ್ಷ. ಹೋಳಗಿ ಇದ್ದ ಹಾಗೆ ಪೋಟಗಿಯೂ ತಿನ್ನುವ ಪದಾರ್ಥ ಎಂದುಕೊಂಡೆ. “ಪೋಟಗಿ ಸಿಗತೈತಿ, ಚಿಂತಿ ಮಾಡಬ್ಯಾಡ” ಎಂದು ಮಗ್ಗದ ಮನೆಯ ಕಾಶವ್ವ ಅವ್ವನಿಗೆ ಹೇಳುತ್ತಿದ್ದಾಗ, “ನನಗ ತುಪ್ಪ ಹಚ್ಚಿ ಕೊಡಬೇ” ಎಂದಿದ್ದೆ. ಕಾಶವ್ವ ನಕ್ಕು ನಕ್ಕು ನೂಲಿನ ಲಡಿ ಕೆಳಗೆ ಬಿಟ್ಟಳು. “ನಿಮ್ಮಪ್ಪನ ಪೋಟಗೀಗೆ ತುಪ್ಪ ಒಂದ ಕಡಿಮಿ ಆಗೇತಿ ನೋಡಬೇ!” ಎಂದಳು. ಅವ್ವ ನಗಲಿಲ್ಲ.

ಎರಡು ತಿಂಗಳು ಬಂತು. ಆಮೇಲೆ ನಿಂತಿತು.

ಅವ್ವ ಬೆಳಗ್ಗೆ ಕಾಶವ್ವನ ಮಗ್ಗದ ಮನೆಗೆ ಕಂಡಿಕಿ ಸುತ್ತಲು ಹೋಗುತ್ತಿದ್ದಳು. ಲಾಳಿಯೊಳಗೆ ಇಡುವ ನೂಲಿನ ಉರುಳಿಗೆ ಕಂಡಿಕಿ ಎನ್ನುತ್ತಾರೆ. ಶಾಲೆಗೆ ಬೇಸಿಗೆ ರಜೆ. ನಾನು ಖೋಲಿಯಲ್ಲಿ ಒಬ್ಬಳೇ. ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಚೌಕಾಬಾರ ಬರೆದು, ಹುಣಸೆ ಬೀಜ ಒಡೆದು ದಾಳ ಮಾಡಿ, ನಾಲ್ಕೂ ಮನೆಯ ಆಟ ನಾನೇ ಆಡುತ್ತಿದ್ದೆ. ಒಂದು ಮನೆ ದೊಡ್ಡಪ್ಪನ ಮಗಳ ಹೆಸರಿಗೆ, ಒಂದು ಮಗನ ಹೆಸರಿಗೆ. ಜಗಳವನ್ನೂ ನಾನೇ ಆಡುತ್ತಿದ್ದೆ. ಯಾರು ಗೆದ್ದರೂ ಖೋಲಿಯಲ್ಲಿ ಸಪ್ಪಳವಿರುತ್ತಿರಲಿಲ್ಲ.

ಆ ರಜೆಯಲ್ಲೇ ಅವ್ವ ಹೇಳಿದ್ದು, “ಶಾರೀ, ಪೋಟಗಿ ಬಂತಂದ್ರ ನಿನ್ನ ಸಾಲ್ಯಾಗ ಐದನೇತ್ತಕ್ಕ ಹಚ್ಚತೀನಿ. ಬರಲಿಲ್ಲಂದ್ರ ನನ್ನ ಜೋಡಿ ಕಂಡಿಕಿ ಸುತ್ತಾಕ ಬರಬೇಕಾಕ್ಕೈತಿ. ಖೋಲಿ ಬಾಡಿಗಿ ನನ್ನೊಬ್ಬಾಕಿ ಕೈಲೆ ನೀಗೂದಿಲ್ಲ.”

ವಕೀಲರು ಎರಡು ಸಲ ಕೋರ್ಟಿನಿಂದ ವಾರಂಟು ಹೊರಡಿಸಿದ್ದರು. ಎರಡು ಸಲವೂ ಕಾಗದ ‘ಆಸಾಮಿ ಸಿಗಲಿಲ್ಲ’ ಎಂದು ತಿರುಗಿ ಬಂದಿತ್ತು. ಅಪ್ಪ ಲಕ್ಷ್ಮೇಶ್ವರದ ಒಬ್ಬ ವ್ಯಾಪಾರಿಯ ಸೀರೆ, ಖಣ ಹೊತ್ತು ಸಂತೆಯಿಂದ ಸಂತೆಗೆ ತಿರುಗುತ್ತಿದ್ದ. ಇವತ್ತು ಶಿರಹಟ್ಟಿ, ನಾಳೆ ಇನ್ನೆಲ್ಲೋ. “ವರ್ಷದೊಳಗ ವಸೂಲಿ ಆಗಬೇಕ ತಂಗೆವ್ವ, ವರ್ಷ ದಾಟಿದ್ದನ್ನ ಕೇಳಾಕ ಬರೂದಿಲ್ಲ” ಎಂದರು ವಕೀಲರು. ವರ್ಷಕ್ಕೆ ಇನ್ನು ಹತ್ತು ಹನ್ನೆರಡು ದಿನವಿತ್ತು.

ವಾರಂಟು ಹಿಡಿದ ಪೊಲೀಸಪ್ಪ ಒಳ್ಳೆಯ ಮನುಷ್ಯ. ಆತನಿಗೆ ಅಪ್ಪನ ಮುಖ ಗೊತ್ತಿರಲಿಲ್ಲ. ಅವ್ವನ ಹತ್ತಿರ ಒಂದು ಫೋಟೋನೂ ಇರಲಿಲ್ಲ. “ನೀವ ತೋರಿಸಿಕೊಡಬೇಕ್ರಿ ಅಕ್ಕಾರ” ಎಂದ.

“ನನ್ನ ಸೆರಗ ಕಂಡರ ಸಾಕ್ರಿ ಅಣ್ಣಾರ, ಸಂತಿ ಬಿಟ್ಟ ಓಡತಾರ” ಎಂದಳು ಅವ್ವ. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು.

ಮುಂಡರಗಿ ಸಂತೆಯ ದಿನ ಮೂವರೂ ಬಸ್ಸು ಹತ್ತಿದೆವು. ಅವ್ವ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ತಲೆಯಲ್ಲಿ ಅಬ್ಬಲಿಗೆ ಹೂವು. ಕೋರ್ಟಿಗೆ ಹೋಗುವಾಗಲೂ ಆಕೆ ಅದನ್ನು ಉಟ್ಟಿರಲಿಲ್ಲ. ಪೊಲೀಸಪ್ಪ ಬಿಳಿ ಅಂಗಿ ತೊಟ್ಟು ರೈತನಂತೆ ಟವೆಲ್ ಹಾಕಿಕೊಂಡಿದ್ದ. ಡಂಬಳ ದಾಟಿದ ಮೇಲೆ ಆತ ನನಗೆ ಪಾಠ ಹೇಳಿಕೊಟ್ಟ.

“ನೀ ಏನೂ ಮಾಡಬ್ಯಾಡ ತಂಗಿ. ನಿಮ್ಮಪ್ಪನ ಕಂಡಕೂಡ್ಲೆ ಓಡಿ ಹೋಗಿ ‘ಅಪ್ಪಾ’ ಅಂತ ಕರಿ. ಅಷ್ಟ ಸಾಕು. ನಾ ಹಿಂದ ಇರತೀನಿ. ಎಲ್ಲಿ, ಒಮ್ಮೆ ಕರಿ ನೋಡೂಣು?”

“ಅಪ್ಪಾ.”

“ಅಯ್ಯ, ಇದ ಸೊಳ್ಳಿಗೂ ಕೇಳೂದಿಲ್ಲ. ಜೋರ ಕರಿ!”

“ಅಪ್ಪಾ!” ಎಂದು ಕೂಗಿದೆ. ಮುಂದಿನ ಸೀಟಿನ ಮುದುಕಪ್ಪ ಬೆಚ್ಚಿಬಿದ್ದು, “ಏನ ಯವ್ವಾ, ಯಾವೂರ ಬಂತು?” ಎಂದು ಹಿಂದೆ ತಿರುಗಿದ. ಬಸ್ಸೆಲ್ಲ ನಕ್ಕಿತು. ಕಿಟಕಿಯಲ್ಲಿ ಕಪ್ಪತಗುಡ್ಡ ನಮ್ಮ ಜೊತೆಗೇ ಬರುತ್ತಿತ್ತು. ಮುಂಡರಗಿಯವರೆಗೂ ನಾನು ಮನಸ್ಸಿನಲ್ಲೇ ‘ಅಪ್ಪಾ, ಅಪ್ಪಾ’ ಎಂದುಕೊಂಡು ಹೋದೆ. ಐದನೇತ್ತ, ಅಪ್ಪಾ, ಐದನೇತ್ತ, ಅಪ್ಪಾ.

ಅವ್ವ ಬಸ್ ಸ್ಟ್ಯಾಂಡಿನಲ್ಲೇ ಕಂಬದ ಮರೆಗೆ ಕುಳಿತಳು. ನಾನು ಸಂತೆಯೊಳಗೆ ಹೋದೆ, ಹತ್ತು ಹೆಜ್ಜೆ ಹಿಂದೆ ಪೊಲೀಸಪ್ಪ. ಮಿರ್ಚಿ ಭಜಿ ಕರಿಯುವ ಎಣ್ಣೆಯ ವಾಸನೆ, ಉಳ್ಳಾಗಡ್ಡಿಯ ವಾಸನೆ, ದನದ ಹಗ್ಗದ ವಾಸನೆ. ಮುಖ ಕಾಣುವ ಮೊದಲು ದನಿ ಕೇಳಿಸಿತು.

“ಬರ್ರಿ ಅಕ್ಕಾರ, ಬರ್ರಿ ಸಣ್ಣಕ್ಕಾರ! ಬಣ್ಣ ಹೋದ್ರ ರೊಕ್ಕ ವಾಪಸ್ಸು, ನಾ ಹೋದ್ರ ನನ್ನ ಕೇಳಬ್ಯಾಡ್ರಿ!”

ಒಂದೂವರೆ ವರ್ಷದ ಮೇಲೆ ಕೇಳಿದ ದನಿ. ತಾಡಪತ್ರಿಯ ಕೆಳಗೆ ಖಣಗಳನ್ನು ಹರವಿಕೊಂಡು ನಿಂತಿದ್ದ, ಎಷ್ಟು ತೆಳ್ಳಗಾಗಿದ್ದ! ನನ್ನ ಕಾಲು ನೆಲ ಬಿಟ್ಟವು. ಓಡಿದೆ. ಬಾಯಿ ತಾನೇ ತೆರೆಯಿತು.

“ಕಾಕಾ!”

ದೊಡ್ಡ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡಪ್ಪನ ಮಕ್ಕಳು ಐವರಿಗೂ ಆತ ಚಿಕ್ಕಪ್ಪ, ಐವರೂ ಆತನನ್ನು ಕಾಕಾ ಎನ್ನುತ್ತಿದ್ದರು. ಮಾತು ಕಲಿಯುವಾಗ ನಾನೂ ಅದನ್ನೇ ಕಲಿತೆ. ಹುಟ್ಟಿದಾಗಿನಿಂದ ಆತ ನನಗೆ ಕಾಕಾನೇ. ಊರವರ ಎದುರಿಗೆ ‘ನಮ್ಮಪ್ಪ’ ಎನ್ನುತ್ತಿದ್ದೆ, ಕರೆಯುವಾಗ ಎಂದೂ ಅಲ್ಲ.

“ಏ ಶಾರೀ! ಎಷ್ಟ ಉದ್ದ ಆಗೀಯಲೇ!” ಗಜಕಡ್ಡಿ ಬಿಸಾಕಿ ನನ್ನನ್ನು ಎತ್ತಿಕೊಂಡ. ಹೊಸ ಬಟ್ಟೆಯ ವಾಸನೆ, ತಂಬಾಕಿನ ವಾಸನೆ. ಹತ್ತು ವರ್ಷದವಳನ್ನು ಎತ್ತಿದ್ದಕ್ಕೆ ಪಕ್ಕದ ಬಳೆಗಾರ್ತಿ, “ಸೊಂಟ ಉಳುಕೀತೋ ಮಾರಾಯಾ!” ಎಂದಳು.

ಪೊಲೀಸಪ್ಪ ಹತ್ತಿರ ಬಂದ. “ಈ ಹುಡುಗಿಗೆ ನೀವೇನಾಗಬೇಕ್ರಿ?”

ಅಪ್ಪ ಆತನ ಮುಖ ನೋಡಲಿಲ್ಲ, ಕಾಲು ನೋಡಿದ. ಅಂಗಿ ಬಿಳಿಯದು, ಬೂಟು ಮಾತ್ರ ಪೊಲೀಸರ ಕೆಂಪು ಬೂಟು. ನನ್ನನ್ನು ಮೆಲ್ಲಗೆ ಕೆಳಗಿಳಿಸಿ ಹೆಗಲ ಮೇಲೆ ಕೈಯಿಟ್ಟ.

“ಕಾಕಾ ಆಗಬೇಕ್ರಿ. ಆಕೀನ ಕರದ್ಲಲ್ರಿ.”

ಪೊಲೀಸಪ್ಪ ನನ್ನತ್ತ ಬಗ್ಗಿದ. “ಖರೇ ಏನ ತಂಗಿ? ಇವರು ನಿಮ್ಮ ಕಾಕಾ?”

ಹೆಗಲ ಮೇಲಿನ ಕೈ ಬೆಚ್ಚಗಿತ್ತು.

“ಹೂನ್ರಿ” ಎಂದೆ. “ಕಾಕಾ.”

“ಮತ್ತ ನಿಮ್ಮಪ್ಪ ಎಲ್ಲಿ?”

ಉತ್ತರ ಕೊಟ್ಟವನು ಅಪ್ಪ. “ನಮ್ಮಣ್ಣ ರೀ? ಇಲ್ಲೇ ಚಾದಂಗಡಿಗೆ ಹೋಗ್ಯಾನ್ರಿ, ಕರಕೊಂಡ ಬರತೀನಿ. ನೀವು ಕುಂಡ್ರಿ, ಬಿಸಲಾಗ ನಿಂತೀರಿ. ಶಾರೀ, ಸಾಹೇಬ್ರಿಗೆ ನೀರ ಕೊಡು. ಇಲ್ಲೇ ಕುಂದರು, ಬಂದೆ.”

ಹೋದ. ಪೊಲೀಸಪ್ಪ ಅಪ್ಪನ ಗಂಟಿನ ಮೇಲೆ ಕುಳಿತ. ಹೆಂಗಸರು ಬಂದು ಆತನನ್ನೇ, “ಈ ಖಣ ಎಷ್ಟರಿ? ಅದನ್ನ ಬಿಚ್ಚಿ ತೋರಸ್ರಿ” ಎಂದು ಕಾಡತೊಡಗಿದರು. ಪಾಪ, ಒಂದೆರಡು ಬಿಚ್ಚಿಯೂ ತೋರಿಸಿದ. ನಾನು ಚಾದಂಗಡಿಯ ದಾರಿಯನ್ನೇ ನೋಡುತ್ತಿದ್ದೆ. ಬಂದೇ ಬರುತ್ತಾನೆ ಎಂದುಕೊಂಡಿದ್ದೆ, ದೇವರಾಣೆ.

ತಡವಾಯಿತೆಂದು ಅವ್ವ ತಾನೇ ಹುಡುಕಿಕೊಂಡು ಬಂದಳು.

“ಏನಿಲ್ರಿ ಅಕ್ಕಾರ, ಅವರ ತಮ್ಮ ಸಿಕ್ಕಾನ. ಕರಕೊಂಡ ಬರಾಕ ಹೋಗ್ಯಾನ” ಎಂದ ಪೊಲೀಸಪ್ಪ.

“ತಮ್ಮ? ಅವರಿಗೆಲ್ಲಿ ತಮ್ಮರಿ? ಆ ಮನಿಗೆ ಅವರ ಸಣ್ಣವರು.”

ಪೊಲೀಸಪ್ಪ ಹಣೆ ಬಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದ. ಸಿಗಲಿಲ್ಲ. ಗಂಟಿನೊಳಗೆ ಲಕ್ಷ್ಮೇಶ್ವರದ ವ್ಯಾಪಾರಿಯ ಚೀಟಿ ಇತ್ತು. ಮಾಲು ಅಪ್ಪನದಲ್ಲ, ಆದ್ದರಿಂದ ಜಪ್ತಿ ಮಾಡುವಂತೆಯೂ ಇರಲಿಲ್ಲ.

ಅವ್ವ ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಆಕೆ ಅಪ್ಪ ಬಿಸಾಕಿದ ಗಜಕಡ್ಡಿಯನ್ನು ಎತ್ತಿ, ಮಡಿಚಿದ ಖಣಗಳ ಮೇಲೆ ನೆಟ್ಟಗೆ ಇಟ್ಟಳು. ಆಮೇಲೆ, “ನಂದ ತಪ್ಪು. ಕೂಸು ಎಂದಾದರ ಅವರನ್ನ ಅಪ್ಪಾ ಅಂದೈತೇನು? ನಾನ ಮರತಬಿಟ್ಟೆ” ಎಂದಳು. ನಾನು ಆ ಮಾತಿನ ಮರೆಗೆ ಸೇರಿಕೊಂಡೆ. ಬಸ್ಸಿನಲ್ಲಿ ಬರುವಾಗ ಅವ್ವ ತಲೆಯ ಹೂವು ತೆಗೆದು ಕಿಟಕಿಯಿಂದ ಆಚೆ ಬಿಟ್ಟಳು.

ವರ್ಷ ದಾಟಿತು. ವಕೀಲರು ಕಾಗದ ಮಡಚಿ ತಿರುಗಿ ಕೊಟ್ಟರು. ಆಮೇಲಿನ ತಿಂಗಳುಗಳದನ್ನು ಕೇಳಬಹುದು ಎಂದರೂ ಅವ್ವ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಶಾಲೆ ಸುರುವಾದ ದಿನ ನಾನು ಕಾಶವ್ವನ ಮನೆಯಲ್ಲಿ ರಾಟಿಯ ಮುಂದೆ ಕುಳಿತಿದ್ದೆ. ಜೊತೆಯ ಹುಡುಗಿಯರು ಕಿಟಕಿಯ ಮುಂದೆಯೇ ಹಾದುಹೋದರು. ಹೊಸ ಪುಸ್ತಕಕ್ಕೆ ಹಾಕಿದ ಖಾಕಿ ಕಾಗದದ ವಾಸನೆ ಒಳಗಿನವರೆಗೆ ಬಂತು. ನನ್ನನ್ನು ಯಾರೂ ಕೂಗಲಿಲ್ಲ.

ಈಗ ಆ ಓಣಿಯಲ್ಲಿ ಎರಡೋ ಮೂರೋ ಮಗ್ಗ ಉಳಿದಿವೆ. ಕಾಶವ್ವ ಇಲ್ಲ. ಅಪ್ಪನನ್ನು ಆ ದಿನದ ಮೇಲೆ ನಾನು ನೋಡಲಿಲ್ಲ. ಆತ ನಮಗೆ ಕೊಡುವುದು ಇರುವವರೆಗೆ ಎಲ್ಲೋ ನಮ್ಮವನೊಬ್ಬ ಇದ್ದಾನೆ ಎನ್ನುವಂತಿತ್ತು, ಕಾಗದ ಮಡಚಿದ ಮೇಲೆ ಅದೂ ಹೋಯಿತು. ಅವ್ವ ತೀರಿ ಆರು ವರ್ಷ. ಕೊನೆಯವರೆಗೂ ಬಂದವರ ಮುಂದೆ, “ನಮ್ಮ ಶಾರಿ ಕಾಕಾ ಅಂದು ಪೊಲೀಸರನ್ನ ಮಳ್ಳ ಮಾಡಿದ್ಲು ನೋಡ್ರಿ” ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ನಿನ್ನೆ ಮಧ್ಯಾಹ್ನ ಬೀಗರೆಲ್ಲ ಊಟ ಮಾಡಿ ಅಡ್ಡಾಗಿದ್ದರು. ಮೊಮ್ಮಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಹಾಲಿನ ವಾಸನೆಯ ಆ ಸಣ್ಣ ಕಿವಿಗೆ ಬಾಯಿಟ್ಟು, ‘ಕಾಕಾ’ ಎಂದು ಮೊದಲ ಸಲ ಬಾಯಿತಪ್ಪಿ ಬಂದದ್ದು ಖರೆ, ಎರಡನೆಯ ಸಲ ತಿಳಿದೇ ಅಂದದ್ದು, ಎಂದು ಹೇಳಿದೆ. ಕೂಸು ಒಂದು ಆಕಳಿಕೆ ತೆಗೆದು ನಿದ್ದೆ ಹೋಯಿತು. ನಾನು ಹೇಳಬೇಕಾಗಿದ್ದ ಕಿವಿ ಅದಲ್ಲ.